ಮಜಾರಾದಲ್ಲಿ ರಾತ್ರಿಯೂಟ

ಇಟಲಿಯ ಸಿಸಿಲಿ ದ್ವೀಪದ ನೈಋತ್ಯ ಅಂಚಿನಲ್ಲಿ ಮಜಾರಾ ದೆಲ್ ವಲ್ಲೋ ಎಂಬ ಸಮುದ್ರ ತೀರದ ಊರಿದೆ. ಜನಸಂಖ್ಯೆ ಸುಮಾರು ಐವತ್ತು ಸಾವಿರ. ಈ ಊರಿಗೆ ಹೋದ ಪ್ರವಾಸಿಗನಿಗೆ ಸಂಜೆ ಆರು ಗಂಟೆಗೇ ಹಸಿವಾದರೆ ಕಷ್ಟ. ಅಲ್ಲಿ ರಾತ್ರಿ ಏಳೂವರೆ, ಎಂಟು ಗಂಟೆಯ ತನಕ ಹೋಟೆಲಿನವರು ಅಡುಗೆಮನೆಯ ಬಾಗಿಲು ತೆರೆಯುವುದಿಲ್ಲ. ತೆರೆದ ಮೇಲೂ ಅವನ ಮುಂದೆ ಎರಡು ದಾರಿಗಳಿರುತ್ತವೆ. ಬಂದರಿನ ಪಕ್ಕದ ಬೆಳಕಿನ ಬೀದಿಗಳಲ್ಲಿ ಇಟಾಲಿಯನ್ನರ ಊಟದ ಮನೆಗಳು. ಅಲ್ಲಿಂದ ನಾಲ್ಕು ಹೆಜ್ಜೆ ಒಳಗೆ ಹೋದರೆ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದಂತಹ ಓಣಿಗಳು. ಆ ಓಣಿಗಳ ಹೆಸರು ಕಸ್ಬಾ. ಹೌದು, ನಮ್ಮ ಕಂದಾಯ ದಾಖಲೆಗಳಲ್ಲಿರುವ 'ಕಸಬಾ ಹೋಬಳಿ'ಯ ಕಸಬಾ ಶಬ್ದವೇ. ಅರಬಿಯಿಂದ ಒಂದು ಕವಲು ಪಾರಸಿಯ ಮೂಲಕ ನಮ್ಮ ಶಾನುಭೋಗರ ಲೆಕ್ಕದ ಪುಸ್ತಕಕ್ಕೆ ಬಂದಿತು, ಇನ್ನೊಂದು ಸಮುದ್ರ ದಾಟಿ ಇಲ್ಲಿಗೆ ಬಂದಿತು.

ಎರಡೂ ಕಡೆ ಸಿಗುವ ಮುಖ್ಯ ಪದಾರ್ಥ ಒಂದೇ: ಕುಸ್‌ಕುಸ್. ಬಂದರಿನ ಹೋಟೆಲಿನಲ್ಲಿ ಅದನ್ನು ಮೀನಿನ ಸಾರಿನಲ್ಲಿ ನೆನೆಸಿ ಕೊಡುತ್ತಾರೆ. ಕಸ್ಬಾದ ಟ್ಯುನೀಶಿಯನ್ ಮನೆಗಳಲ್ಲಿ ಕುರಿಮಾಂಸ, ಕಡಲೆಕಾಳು, ತರಕಾರಿ, 'ಹರೀಸಾ' ಎಂಬ ಕೆಂಪು ಮೆಣಸಿನ ಅರೆಪಿನ ಜೊತೆಯೂ ಇರುತ್ತದೆ. ಯಾವುದು ಮೂಲ, ಯಾವುದು ನಕಲು ಎಂಬ ವಾದ ಆ ಊರಿನಲ್ಲಿ ಮುಗಿಯುವುದಿಲ್ಲ.

ಊಟಕ್ಕೆ ಕೂರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕ್ರಿ.ಶ. 827ರ ಜೂನ್ ತಿಂಗಳಲ್ಲಿ ಟ್ಯುನೀಶಿಯಾದ ಸೂಸ ಬಂದರಿನಿಂದ ಹೊರಟ ಅಗ್ಲಬೀ ಅರಸರ ಹಡಗುಗಳು ಈ ಮಜಾರಾದ ತೀರದಲ್ಲಿ ಲಂಗರು ಹಾಕಿದವು. ಸುಮಾರು ಹತ್ತು ಸಾವಿರ ಕಾಲಾಳುಗಳು, ಏಳು ನೂರು ಕುದುರೆ ಸವಾರರು ಇದ್ದರೆಂದು ಚರಿತ್ರೆಕಾರರು ಬರೆಯುತ್ತಾರೆ. ಅವರನ್ನು ಕರೆದವನು ಯೂಫೀಮಿಯಸ್ ಎಂಬ ಬೈಜಾಂಟಿಯನ್ ನೌಕಾ ನಾಯಕ. ತನ್ನ ಚಕ್ರವರ್ತಿಯ ವಿರುದ್ಧ ಬಂಡೆದ್ದು ಸೋತು, ಆಫ್ರಿಕಾದ ಮುಸ್ಲಿಮರ ನೆರವು ಬೇಡಿದ ಕ್ರೈಸ್ತ. ಇದನ್ನು ಎರಡು ಧರ್ಮಗಳ ಯುದ್ಧವೆಂದು ಬರೆಯುವವರು ಈ ಮನುಷ್ಯನನ್ನು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳಿಬಿಡುತ್ತಾರೆ.

ಸೇನೆಯ ಮುಖ್ಯಸ್ಥನ ವಿಷಯ ಇನ್ನೂ ಸ್ವಾರಸ್ಯಕರ. ಆತ ಸೇನಾನಿಯೇ ಅಲ್ಲ, ಕೈರವಾನ್ ನಗರದ ಖಾಜಿ. ಹೆಸರು ಅಸದ್ ಇಬ್ನುಲ್ ಫುರಾತ್. ವಯಸ್ಸು ಎಪ್ಪತ್ತರ ಹತ್ತಿರ. ಯೌವನದಲ್ಲಿ ಮದೀನಾಕ್ಕೆ ಹೋಗಿ ಇಮಾಮ್ ಮಾಲಿಕ್ ಅವರ ಪಾದದ ಬಳಿ ಕೂತು ಕಲಿತವರು. ಆಮೇಲೆ ಇರಾಕಿಗೆ ಹೋಗಿ ಇಮಾಮ್ ಅಬೂ ಹನೀಫಾರ ಶಿಷ್ಯ ಮುಹಮ್ಮದ್ ಶೈಬಾನಿಯವರಲ್ಲಿ ಕಲಿತವರು. ಎರಡು ಕಡೆಯ ಕಲಿಕೆಯಿಂದ ಅವರು ಸಿದ್ಧಪಡಿಸಿದ 'ಅಸದಿಯ್ಯಾ' ಗ್ರಂಥವೇ ಮುಂದೆ ಸುಹ್ನೂನರ ಪ್ರಸಿದ್ಧ 'ಮುದವ್ವನಾ'ಕ್ಕೆ ಅಡಿಪಾಯವಾಯಿತು. ಸೂಸದಲ್ಲಿ ಹಡಗು ಹತ್ತುವಾಗ ಬೀಳ್ಕೊಡಲು ಜನಸಾಗರ ನೆರೆದಿತ್ತು. ನನ್ನ ಅಪ್ಪ, ಅಜ್ಜ ಯಾರೂ ಇಂತಹ ಅಧಿಕಾರ ಕಂಡವರಲ್ಲ, ವಿದ್ಯೆಯೇ ನನ್ನನ್ನು ಇಲ್ಲಿಗೆ ತಂದಿತು, ನೀವೂ ವಿದ್ಯೆಗಾಗಿ ದುಡಿಯಿರಿ ಎಂಬ ಅರ್ಥದ ಮಾತನ್ನು ಅವರು ಆಡಿದರೆಂದು ಮಾಲಿಕೀ ವಿದ್ವಾಂಸರ ಚರಿತ್ರೆಗಳು ಹೇಳುತ್ತವೆ.

ಆದರೆ ಈ ಕಥೆಗೆ ಕಹಿಯಾದ ಮುಂದಿನ ಭಾಗವೂ ಇದೆ. ಸಿರಾಕ್ಯೂಸ್ ನಗರವನ್ನು ಮುತ್ತಿದ ಸೇನೆಗೆ ಆಹಾರ ಮುಗಿಯಿತು. ಸೈನಿಕರು ತಮ್ಮ ಕುದುರೆಗಳನ್ನೇ ಕೊಯ್ದು ತಿನ್ನಬೇಕಾಯಿತು. ಊರಿಗೆ ಮರಳೋಣ ಎಂದು ಸೈನಿಕರ ಪರವಾಗಿ ಬಾಯಿ ತೆರೆದ ಇಬ್ನ್ ಖಾದಿಂ ಎಂಬಾತನಿಗೆ ಖಾಜಿ ಸಾಹೇಬರು ಚಾಟಿಯೇಟು ಹಾಕಿಸಿದರು. 828ರಲ್ಲಿ ಅದೇ ಮುತ್ತಿಗೆಯ ನಡುವೆ ಅವರು ತೀರಿಕೊಂಡರು. ಇಂತಹ ಪಂಡಿತರೂ ಅಧಿಕಾರದ ಕೋಲು ಕೈಗೆ ಬಂದಾಗ ಹಸಿದವನ ಮಾತನ್ನು ಕೇಳಲಿಲ್ಲ ಎಂಬುದನ್ನು, ಅವರ ವಿದ್ಯೆಯನ್ನು ಹೊಗಳುವ ಬಾಯಿಯಿಂದಲೇ ಹೇಳಬೇಕಾಗುತ್ತದೆ.

ಪಾಲೆರ್ಮೋ 831ರಲ್ಲಿ, ಸಿರಾಕ್ಯೂಸ್ 878ರಲ್ಲಿ, ತಾವೊರ್ಮಿನಾ 902ರಲ್ಲಿ ಮುಸ್ಲಿಮರ ವಶವಾದವು. ಸಿಸಿಲಿಯ ಪಶ್ಚಿಮ ಭಾಗಕ್ಕೆ 'ವಾಲ್ ದಿ ಮಜಾರಾ' ಎಂಬ ಹೆಸರು ಬಹುಕಾಲ ಉಳಿಯಿತು. 11ನೆಯ ಶತಮಾನದಲ್ಲಿ ಉತ್ತರದಿಂದ ಬಂದ ನಾರ್ಮನ್ನರು 1072ರಲ್ಲಿ ಪಾಲೆರ್ಮೋವನ್ನು, 1091ರ ಹೊತ್ತಿಗೆ ಇಡೀ ದ್ವೀಪವನ್ನು ಗೆದ್ದರು. ರಾಜಕೀಯ ಚರಿತ್ರೆ ಇಷ್ಟು ಸಾಕು. ಊಟದ ಚರಿತ್ರೆ ಇದಕ್ಕಿಂತ ನಿಧಾನವಾಗಿ ನಡೆಯುವಂಥದ್ದು. ಅರಸ ಬದಲಾದ ಮರುದಿನವೇ ಒಲೆಯ ಮೇಲಿನ ಮಡಕೆ ಬದಲಾಗುವುದಿಲ್ಲ.

ನಾರ್ಮನ್ ದೊರೆ ಎರಡನೆಯ ರೋಜರ್‌ನ ಆಸ್ಥಾನದಲ್ಲಿದ್ದ ಭೂಗೋಳ ಶಾಸ್ತ್ರಜ್ಞ ಅಲ್ ಇದ್ರೀಸಿ 1154ರಲ್ಲಿ ತನ್ನ ದೊಡ್ಡ ಗ್ರಂಥವನ್ನು ಮುಗಿಸಿದ. ಪಾಲೆರ್ಮೋದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ದೂರದ ತ್ರಾಬಿಯಾ ಎಂಬ ಹಳ್ಳಿಯ ಬಗ್ಗೆ ಅದರಲ್ಲಿ ಒಂದು ವಿವರವಿದೆ: ಅಲ್ಲಿ ಹರಿಯುವ ನೀರಿದೆ, ಗಿರಣಿಗಳಿವೆ, ಅಲ್ಲಿ 'ಇತ್ರಿಯಾ' ಎಂಬ ಒಣ ಶ್ಯಾವಿಗೆಯನ್ನು ಹೇರಳವಾಗಿ ಮಾಡಿ ಮುಸ್ಲಿಂ ನಾಡುಗಳಿಗೂ ಕ್ರೈಸ್ತ ನಾಡುಗಳಿಗೂ ಹಡಗು ತುಂಬಿ ಕಳಿಸುತ್ತಾರೆ ಎಂದು. ಚೀನಾದಿಂದ ಮಾರ್ಕೋ ಪೋಲೋ ಶ್ಯಾವಿಗೆ ತಂದ ಕಥೆಯನ್ನು ನಂಬಿದವರು ಗಮನಿಸಬೇಕು, ಅವನು ವೆನಿಸಿಗೆ ಮರಳಿದ್ದು 1295ರಲ್ಲಿ. ಇದ್ರೀಸಿ ಬರೆದು ಆಗ 140 ವರ್ಷ ದಾಟಿತ್ತು. ದಕ್ಷಿಣ ಇಟಲಿಯ ಸಾಲೆಂತೋ ಪ್ರದೇಶದಲ್ಲಿ ಕಡಲೆಕಾಳಿನ ಜೊತೆ ಬೇಯಿಸುವ ಒಂದು ಬಗೆಯ ಪಾಸ್ತಾವನ್ನು ಈಗಲೂ 'ತ್ರಿಯಾ' ಎಂದೇ ಕರೆಯುತ್ತಾರೆ.

ಇನ್ನೊಬ್ಬ ಸಾಕ್ಷಿ ಆಂಡಲೂಸಿಯಾದ ಯಾತ್ರಿಕ ಇಬ್ನ್ ಜುಬೈರ್. ಹಜ್ ಮುಗಿಸಿ ಊರಿಗೆ ಮರಳುವಾಗ 1184ರ ಡಿಸೆಂಬರಿನಲ್ಲಿ ಅವನ ಹಡಗು ಮೆಸ್ಸೀನಾದ ಬಳಿ ಒಡೆಯಿತು. ಆಗ ರಂಜಾನ್ ತಿಂಗಳು. ಅಂದಿನ ದೊರೆ ಎರಡನೆಯ ವಿಲಿಯಂ ಕ್ರೈಸ್ತ. ಆದರೆ ಅವನ ಅಡುಗೆಮನೆಯ ಮೇಲ್ವಿಚಾರಕ ಮುಸ್ಲಿಮನೆಂದು ಇಬ್ನ್ ಜುಬೈರ್ ಬರೆಯುತ್ತಾನೆ. ವಿಷವಿಕ್ಕುವ ಭಯದಲ್ಲೇ ಬದುಕುತ್ತಿದ್ದ ಆ ಕಾಲದ ಅರಸನೊಬ್ಬ ತನ್ನ ತಟ್ಟೆಯನ್ನು ಸೋತ ಜನಾಂಗದವನ ಕೈಗೆ ಕೊಟ್ಟಿದ್ದ ಎಂಬುದನ್ನು ನಾವು ಸುಮ್ಮನೆ ಓದಿ ಮುಂದೆ ಹೋಗಬಾರದು. ಪಾಲೆರ್ಮೋದಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಕ್ರೈಸ್ತ ಹೆಂಗಸರು ಮುಸ್ಲಿಂ ಹೆಂಗಸರಂತೆ ಉಡುಪು ತೊಟ್ಟು ಇಗರ್ಜಿಗೆ ಹೋಗುವುದನ್ನು ಅವನು ಕಂಡ. ಮಜಾರಾದ ಉತ್ತರಕ್ಕಿರುವ ತ್ರಾಪಾನಿಯಲ್ಲಿ ಈದುಲ್ ಫಿತ್ರ್ ಬಂದಾಗ ಮುಸ್ಲಿಮರು ಡೋಲು, ಕಹಳೆಗಳೊಡನೆ ಈದ್ಗಾಕ್ಕೆ ಹೋದುದನ್ನೂ, ಕ್ರೈಸ್ತರು ಅದನ್ನು ಸಹಿಸಿದ್ದನ್ನೂ ಕಂಡು ಬೆರಗಾದ.

ಅದೇ ಪ್ರವಾಸದಲ್ಲಿ ಇನ್ನೊಂದನ್ನೂ ಬರೆದಿದ್ದಾನೆ. ಊರಿನ ಗೃಹಸ್ಥನೊಬ್ಬ ತನ್ನ ಎಳೆಯ ಮಗಳನ್ನು ಹಡಗು ಕಾಯುತ್ತಿದ್ದ ಹಾಜಿಯೊಬ್ಬನಿಗೆ ಮದುವೆ ಮಾಡಿಕೊಡಲು ಮುಂದಾಗುತ್ತಾನೆ. ವರನ ರೂಪ, ಕುಲ, ಸಂಪತ್ತು ಯಾವುದನ್ನೂ ನೋಡದೆ, ಅವಳಾದರೂ ಇಲ್ಲಿಂದ ಪಾರಾಗಿ ಮುಸ್ಲಿಂ ನಾಡು ಸೇರಲಿ ಎಂಬ ಒಂದೇ ಆಸೆಯಿಂದ. ಡೋಲಿನ ಸದ್ದಿನ ಹಿಂದೆ ಈ ಭಯವೂ ಇತ್ತು. ಸಿಸಿಲಿಯ 'ಸೌಹಾರ್ದ'ವನ್ನು ಕೊಂಡಾಡುವ ಲೇಖನಗಳಲ್ಲಿ ರಾಜನ ಅಡುಗೆಯವ ಬರುತ್ತಾನೆ, ಈ ಹುಡುಗಿ ಬರುವುದಿಲ್ಲ.

ತಂದೆಯ ಭಯ ಸುಳ್ಳಾಗಲಿಲ್ಲ. 1220ರ ದಶಕದಿಂದ ಚಕ್ರವರ್ತಿ ಎರಡನೆಯ ಫ್ರೆಡರಿಕ್ ದಂಗೆಯೆದ್ದ ಸಿಸಿಲಿಯ ಮುಸ್ಲಿಮರನ್ನು ಇಟಲಿಯ ಲೂಚೇರಾ ಎಂಬಲ್ಲಿಗೆ ಸಾಗಿಸಿದ. ಅವನೇ ಅರಬಿ ಬಲ್ಲವನು, ಅರಬೀ ಪಂಡಿತರೊಡನೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದವನು. 1300ರಲ್ಲಿ ಅಂಜೂ ವಂಶದ ಎರಡನೆಯ ಚಾರ್ಲ್ಸ್ ಲೂಚೇರಾವನ್ನು ನಾಶ ಮಾಡಿ ಅಲ್ಲಿಯ ಜನರನ್ನು ಗುಲಾಮರಾಗಿ ಮಾರಿದ. ಸಿಸಿಲಿಯ ಮುಸ್ಲಿಮರ ಕಥೆ ಅಲ್ಲಿಗೆ ಮುಗಿಯಿತೆಂದು ಪುಸ್ತಕಗಳು ಹೇಳುತ್ತವೆ.

ಉರ್ದು ಶಾಲೆಯಲ್ಲಿ ಓದಿದವರಿಗೆ ಸಿಸಿಲಿ ಎಂದರೆ ಇಕ್ಬಾಲರ 'ಸಿಕಲ್ಲಿಯಾ' ಕವಿತೆ ನೆನಪಾಗುತ್ತದೆ. 1908ರಲ್ಲಿ ಯುರೋಪಿನಿಂದ ಮರಳುವಾಗ ಹಡಗಿನಿಂದ ಈ ದ್ವೀಪವನ್ನು ಕಂಡು ಅವರು ಬರೆದ ಶೋಕಗೀತೆ ಅದು. ಬಗ್ದಾದಿಗಾಗಿ ಸಾದಿ ಅತ್ತರು, ದಿಲ್ಲಿಗಾಗಿ ದಾಗ್ ಅತ್ತರು, ನಿನಗಾಗಿ ಅಳುವ ಸರದಿ ನನ್ನದು ಎಂಬ ಭಾವದ ಕವಿತೆ. ನಮ್ಮ ಮೇಷ್ಟರುಗಳು ಅದನ್ನು ಗದ್ಗದಿತರಾಗಿ ಪಾಠ ಮಾಡುತ್ತಿದ್ದರು. ಕವಿತೆ ದೊಡ್ಡದೇ. ಆದರೆ ಹಡಗಿನ ಮೇಲಿಂದ ಕಂಡರೆ ದ್ವೀಪವೊಂದು ಗೋರಿಯಂತೆ ಕಾಣುವುದು ಸಹಜ. ದಡಕ್ಕಿಳಿದು ಯಾರದಾದರೂ ಮನೆಯಲ್ಲಿ ಉಂಡಿದ್ದರೆ ಕವಿಗೆ ಬೇರೆ ಏನಾದರೂ ಕಾಣುತ್ತಿತ್ತೇನೋ ಎಂದು ನನಗೆ ಅನಿಸುವುದುಂಟು.

ಏಕೆಂದರೆ ಆ ದ್ವೀಪದವರ ಬಾಯಲ್ಲಿ ಏನೆಲ್ಲ ಉಳಿದಿದೆ ನೋಡಿ. ಒಣದ್ರಾಕ್ಷಿಯ 'ಝಬೀಬ್' ಅಲ್ಲಿ 'ಜಿಬಿಬ್ಬೋ' ಎಂಬ ದ್ರಾಕ್ಷಿಯಾಗಿದೆ. ಎಳ್ಳಿನ 'ಜುಲ್‌ಜುಲಾನ್' 'ಜುಜ್ಜುಲೇನಾ' ಆಗಿದೆ. ತೋಟದ ನೀರಿನ ತೊಟ್ಟಿ 'ಜೆಬ್ಬಿಯಾ', ಕಿತ್ತಳೆಯ ಹೂವು 'ಜಾಗರಾ'. ಟ್ಯೂನಾ ಮೀನಿನ ಬೇಟೆಯ ಮುಖಂಡನನ್ನು 'ರಾಯಿಸ್' ಎಂದೇ ಕರೆದರು. ಕೆಲವು ಶಬ್ದಗಳ ದಾರಿ ನಮ್ಮ ಕಡೆಯಿಂದಲೇ ಹೊರಡುತ್ತದೆ. ನಮ್ಮ ಸಕ್ಕರೆಯ ಹಿಂದಿರುವ ಶರ್ಕರಾ ಪಾರಸಿಯಲ್ಲಿ ಶಕರ್, ಅರಬಿಯಲ್ಲಿ ಸುಕ್ಕರ್, ಇಟಲಿಯಲ್ಲಿ ತ್ಸುಕ್ಕೆರೋ. ನಾರಂಗಿಯ ಮೂಲ ದ್ರಾವಿಡ ಭಾಷೆಗಳಲ್ಲಿದೆ ಎಂದು ಅನೇಕ ವಿದ್ವಾಂಸರ ಮತ. ಅದು ಅರಬಿಯ ನಾರಂಜ್ ಆಗಿ ಇಟಲಿಯಲ್ಲಿ ಅರಾಂಚಾ ಆಯಿತು. ಹೊತ್ತುಕೊಂಡು ಹೋದವರು ಅರಬ್ ವ್ಯಾಪಾರಿಗಳು, ರೈತರು.

ಇನ್ನು ಕುಸ್‌ಕುಸ್. ಇಲ್ಲಿ ಒಂದು ಎಚ್ಚರಿಕೆ ಬೇಕು. 827ರಲ್ಲಿ ಖಾಜಿ ಅಸದರ ಸೈನಿಕರೇ ಇದನ್ನು ಮಜಾರಾಕ್ಕೆ ತಂದರು ಎಂದು ಹೋಟೆಲಿನವರೂ ಪ್ರವಾಸಿ ಕೈಪಿಡಿಗಳೂ ಹೇಳುತ್ತವೆ. ಮುಸ್ಲಿಮರಾದ ನಮಗೂ ಹಾಗೆ ಹೇಳಿಕೊಳ್ಳುವುದು ಹಿತ. ಆದರೆ ಕುಸ್‌ಕುಸ್ ಮಾಡುವ ವಿಧಾನ ಅಡುಗೆ ಗ್ರಂಥಗಳಲ್ಲಿ ಮೊದಲು ಸಿಗುವುದು 13ನೆಯ ಶತಮಾನದಲ್ಲಿ, ಆಂಡಲೂಸಿಯಾ ಮತ್ತು ಮಗ್ರಿಬಿನ ಗ್ರಂಥಗಳಲ್ಲಿ. ಅದು ಮೂಲತಃ ಉತ್ತರ ಆಫ್ರಿಕಾದ ಬರ್ಬರ್ ಜನರ ಅಡುಗೆ, ಅರಬರದ್ದಲ್ಲ. ಸಿಸಿಲಿಗೆ ಅದು ಸೇನೆಯೊಡನೆ ಬಂದಿತೋ, ಎಷ್ಟೋ ಕಾಲದ ಮೇಲೆ ಟ್ಯುನೀಶಿಯಾದ ಕರಾವಳಿಗೆ ಹವಳ ತೆಗೆಯಲು ಹೋಗುತ್ತಿದ್ದ ತ್ರಾಪಾನಿಯ ಬಡ ಬೆಸ್ತರೊಡನೆ ಬಂದಿತೋ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ನನಗೆ ಎರಡನೆಯದೇ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ. ಕುದುರೆ ತಿಂದು ಬದುಕಿದ ಸೇನೆಗಿಂತ, ಒಂದೇ ದೋಣಿಯಲ್ಲಿ ಹಂಚಿ ಉಂಡವರು ಅಡುಗೆ ಕಲಿಸುವುದು ಸುಲಭ. ಸಾರ್ಡೀನ್ ಮೀನು, ಕಾಡು ಸೋಂಪಿನ ಸೊಪ್ಪು, ಒಣದ್ರಾಕ್ಷಿ, ಕೇಸರಿ ಹಾಕಿದ ಪಾಸ್ತಾವನ್ನು ಆ ಸೇನೆಯ ಬಾಣಸಿಗನೊಬ್ಬ ದಡಕ್ಕಿಳಿದ ದಿನ ಕೈಗೆ ಸಿಕ್ಕಿದ್ದರಲ್ಲಿ ಮಾಡಿದನೆಂಬ ಕಥೆಯೂ ಅಲ್ಲಿದೆ. ಅದನ್ನು ದಂತಕಥೆಯೆಂದೇ ಉಂಡು ಸುಮ್ಮನಾಗಬಹುದು.

ಮಾಡುವ ಕ್ರಮ ಮಾತ್ರ ನೋಡುವಂಥದ್ದು. ಅಗಲವಾದ ಮಣ್ಣಿನ ಬೋಗುಣಿಯಲ್ಲಿ ಗೋಧಿ ರವೆಯನ್ನು ಹರಡಿ, ಉಪ್ಪು ನೀರು ಚಿಮುಕಿಸುತ್ತಾ, ಬೆರಳ ತುದಿಯಿಂದ ಸುತ್ತಿ ಸುತ್ತಿ ಸಣ್ಣ ಕಾಳುಗಳನ್ನಾಗಿ ಮಾಡುತ್ತಾರೆ. ಆತುರಪಟ್ಟರೆ ಮುದ್ದೆಯಾಗುತ್ತದೆ. ಆಮೇಲೆ ತೂತುಗಳಿರುವ ಮಡಕೆಗೆ ಹಾಕಿ ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು, ಎರಡರ ನಡುವಿನ ಸಂದನ್ನು ಕಣಕದಿಂದ ಮುಚ್ಚುತ್ತಾರೆ. ನಮ್ಮಲ್ಲಿ ಬಿರಿಯಾನಿಗೆ ದಮ್ ಕಟ್ಟುವ ಹಾಗೆ. ಹಬೆಯಲ್ಲಿ ಬೆಂದದ್ದಕ್ಕೆ ಹಲವು ಬಗೆಯ ಮೀನುಗಳ ಸಾರು ಹೊಯ್ದು, ಉಣ್ಣೆಯ ಕಂಬಳಿ ಹೊದಿಸಿ ಒಂದು ಗಂಟೆ ಮಲಗಿಸುತ್ತಾರೆ. ಸಾರಿಗೆ ಹಾಕುವುದು ಹೆಚ್ಚಾಗಿ ಮುಳ್ಳು ತುಂಬಿದ, ಪೇಟೆಯಲ್ಲಿ ಬೆಲೆ ಬಾರದ ಬಂಡೆಯ ಮೀನುಗಳು. ಒಳ್ಳೆಯ ಮೀನು ಮಾರಿದ ಬೆಸ್ತನ ಮನೆಗೆ ಉಳಿಯುತ್ತಿದ್ದುದು ಅವೇ. ಇಂದು ಅದೇ ತಟ್ಟೆಗೆ ಪ್ರವಾಸಿಗರು ದುಬಾರಿ ಬೆಲೆ ಕೊಡುತ್ತಾರೆ. ತ್ರಾಪಾನಿಯ ಆಚೆಯ ಸಾನ್ ವೀತೋ ಲೋ ಕಾಪೋದಲ್ಲಿ 1998ರಿಂದ ಇದರ ಹೆಸರಿನಲ್ಲೇ ಉತ್ಸವ ನಡೆಯುತ್ತಿದೆ. 2020ರಲ್ಲಿ ಅಲ್ಜೀರಿಯಾ, ಮೊರೊಕ್ಕೊ, ಟ್ಯುನೀಶಿಯಾ, ಮಾರಿಟಾನಿಯಾ ದೇಶಗಳು ಒಟ್ಟಾಗಿ ಕುಸ್‌ಕುಸ್ಸನ್ನು ಯುನೆಸ್ಕೋ ಪಟ್ಟಿಗೆ ಸೇರಿಸಿದವು. ಬೇರೆ ವಿಷಯಗಳಲ್ಲಿ ಒಂದಾಗದ ನೆರೆಹೊರೆಯವರು ಒಂದು ತಟ್ಟೆಯ ವಿಷಯದಲ್ಲಿ ಒಂದಾದರು.

ಮುಸ್ಲಿಂ ಓದುಗರು ಕೇಳಬಹುದಾದ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಇಟಾಲಿಯನ್ ಹೋಟೆಲಿನಲ್ಲಿ ಮೀನಿನ ಕುಸ್‌ಕುಸ್, ಬದನೆಕಾಯಿಯ ಕಾಪೊನಾತಾ, ಕಡಲೆಹಿಟ್ಟಿನ ಪನೆಲ್ಲೆ ಇವೆಲ್ಲ ಸಾಮಾನ್ಯವಾಗಿ ತೊಂದರೆಯಿಲ್ಲದವು. ಸಾರಿಗೆ ದ್ರಾಕ್ಷಾರಸ ಹಾಕಿದ್ದಾರೆಯೇ ಎಂದು ಮಾತ್ರ ಕೇಳಬೇಕು. ಕನ್ನೋಲಿ ಎಂಬ ಸಿಹಿತಿಂಡಿಯ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಮಾರ್ಸಾಲಾ ಮದ್ಯ ಬೆರೆಸಿ ಹಂದಿಯ ಕೊಬ್ಬಿನಲ್ಲಿ ಕರಿಯುತ್ತಾರೆ. ಮಾರ್ಸಾಲಾ ಪಕ್ಕದ ಊರು; 'ಮರ್ಸಾ' ಎಂದರೆ ಅರಬಿಯಲ್ಲಿ ಬಂದರು. ಆ ಹೆಸರು ಇಂದು ಲೋಕಕ್ಕೆಲ್ಲ ಪರಿಚಯವಿರುವುದು 1773ರಲ್ಲಿ ಇಂಗ್ಲಿಷ್ ವ್ಯಾಪಾರಿ ಜಾನ್ ವುಡ್‌ಹೌಸ್ ರಫ್ತು ಆರಂಭಿಸಿದ ಮದ್ಯದಿಂದ. ಭಾಷೆಗೆ ಹಲಾಲ್ ಹರಾಂ ಗೊತ್ತಿಲ್ಲ.

ಮಜಾರಾದ ಹೆಮ್ಮೆ ಕೆಂಪು ಸೀಗಡಿ. ಸಮುದ್ರದ ನಾನೂರು, ಐನೂರು ಮೀಟರಿಗೂ ಮೀರಿದ ಆಳದಿಂದ ಬಲೆ ಎಳೆದು ತೆಗೆಯುವಂಥದ್ದು. ಅದನ್ನು ಅಲ್ಲಿಯವರು ಎಣ್ಣೆ, ನಿಂಬೆರಸ ಹಿಂಡಿ ಹಸಿಯಾಗಿಯೇ ತಿನ್ನುತ್ತಾರೆ. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈಗಳಾದ್ದರಿಂದ ಸೀಗಡಿ ತಿನ್ನಲು ಯೋಚಿಸಬೇಕಿಲ್ಲ. ನಮ್ಮ ಹನಫೀ ಮನೆಗಳಲ್ಲಿ ಸೀಗಡಿ ಮೀನೋ ಅಲ್ಲವೋ ಎಂಬ ಚರ್ಚೆ ಊಟ ತಣ್ಣಗಾಗುವವರೆಗೂ ನಡೆಯುವುದುಂಟು. ಮದೀನಾದ ಮಾಲಿಕರಲ್ಲೂ ಇರಾಕಿನ ಹನಫೀಗಳಲ್ಲೂ ಕಲಿತಿದ್ದ ಖಾಜಿ ಅಸದ್ ಇಬ್ನುಲ್ ಫುರಾತರ ಮುಂದೆ ಈ ತಟ್ಟೆ ಇಟ್ಟಿದ್ದರೆ ಯಾವ ಗುರುವಿನ ಮಾತು ಹಿಡಿಯುತ್ತಿದ್ದರೋ!

ಈ ಸೀಗಡಿ ಹಿಡಿಯುವವರು ಯಾರು? 1960ರ ದಶಕದ ಕೊನೆಯಲ್ಲಿ ಮಜಾರಾದ ಯುವಕರು ಉತ್ತರದ ಕಾರ್ಖಾನೆಗಳತ್ತ ಹೊರಟಾಗ ದೋಣಿಗಳಿಗೆ ಕೈ ಸಾಲದಾಯಿತು. ಆಗ ಟ್ಯುನೀಶಿಯಾದಿಂದ, ಮುಖ್ಯವಾಗಿ ಮಹದಿಯಾ ಎಂಬ ಊರಿನಿಂದ, ಬೆಸ್ತರು ಬಂದರು. ಈ ಮಹದಿಯಾ ಹತ್ತನೆಯ ಶತಮಾನದಲ್ಲಿ ಫಾತಿಮೀ ಖಲೀಫರು ಕಟ್ಟಿದ ರಾಜಧಾನಿ. ಒಂದು ಕಾಲಕ್ಕೆ ಸಿಸಿಲಿಯನ್ನು ಆಳಿದ್ದು ಅಲ್ಲಿಂದ. ಆಳಿದವರ ಊರಿನಿಂದ ಸಾವಿರ ವರ್ಷದ ಮೇಲೆ ಜನ ಕೂಲಿಗೆ ಬಂದರು. 1968 ಮತ್ತು 1981ರ ಭೂಕಂಪಗಳಿಂದ ಶಿಥಿಲಗೊಂಡು ಮಾಲೀಕರು ತೊರೆದಿದ್ದ ಹಳೆಯ ಊರಿನ ಮನೆಗಳೇ ಅವರಿಗೆ ದಕ್ಕಿದವು. ಹೀಗೆ ಕಸ್ಬಾ ಮತ್ತೆ ಕಸ್ಬಾ ಆಯಿತು. ಇಂದು ಆ ಓಣಿಗಳಿಗೆ ಬಣ್ಣದ ಹೆಂಚು ಮೆತ್ತಿ ನಗರಸಭೆ ಪ್ರವಾಸಿಗರನ್ನು ಕರೆಯುತ್ತದೆ. ಹಿಂದೆ ಅದೇ ಓಣಿಗಳಿಗೆ ಹೋಗಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದ ಊರದು.

ಸಮುದ್ರ ಇಬ್ಬರಿಗೂ ಒಂದೇ ರೀತಿ ಕೊಡುತ್ತದೆ, ಕಸಿಯುತ್ತದೆ. 1998ರ ಮಾರ್ಚಿನಲ್ಲಿ ಮಜಾರಾದ ಹಡಗೊಂದರ ಬಲೆಗೆ ಎರಡು ಸಾವಿರ ವರ್ಷಕ್ಕೂ ಹಳೆಯದೆನ್ನಲಾದ ನರ್ತಿಸುವ ಸಾಟಿರ್‌ನ ಕಂಚಿನ ಮೂರ್ತಿ ಬಿತ್ತು. ಈಗ ಅದಕ್ಕೆ ಊರಿನ ಹಳೆಯ ಇಗರ್ಜಿಯಲ್ಲಿ ಸಂಗ್ರಹಾಲಯವಿದೆ. 2013ರ ಅಕ್ಟೋಬರ್ 3ರಂದು ಇದೇ ಜಲಸಂಧಿಯ ಲಾಂಪೆದೂಸಾ ದ್ವೀಪದ ಬಳಿ ಒಂದು ದೋಣಿ ಮಗುಚಿ 360ಕ್ಕೂ ಹೆಚ್ಚು ವಲಸಿಗರು ಸತ್ತರು.

2020ರ ಸೆಪ್ಟೆಂಬರ್ 1ರಂದು ಮಜಾರಾದ 'ಅಂತಾರ್ತಿದೆ' ಮತ್ತು 'ಮೆದೀನೆಯಾ' ಎಂಬ ಎರಡು ಹಡಗುಗಳ 18 ಮಂದಿಯನ್ನು ಲಿಬಿಯಾದ ಸೇನಾನಿ ಖಲೀಫಾ ಹಫ್ತಾರನ ಪಡೆಗಳು ಹಿಡಿದು ಬೆಂಗಾಜಿಗೆ ಒಯ್ದವು. ಕೆಂಪು ಸೀಗಡಿ ಸಿಗುವ ನೀರು ಯಾರದೆಂಬ ಹಳೆಯ ಜಗಳ. ಹಿಡಿದವರಲ್ಲಿ 8 ಇಟಾಲಿಯನ್ನರು, 6 ಟ್ಯುನೀಶಿಯನ್ನರು, 2 ಸೆನೆಗಲಿನವರು, 2 ಇಂಡೋನೇಷ್ಯದವರು. ಮನೆಯವರು ರೋಮಿನ ಪಾರ್ಲಿಮೆಂಟಿನ ಮುಂದೆ ಹೋಗಿ ಕೂತರು. 108 ದಿನಗಳ ಮೇಲೆ, ಡಿಸೆಂಬರ್ 17ರಂದು, ಇಟಲಿಯ ಪ್ರಧಾನಿಯೇ ಬೆಂಗಾಜಿಗೆ ಹೋಗಿ ಬಿಡಿಸಬೇಕಾಯಿತು. 20ರಂದು ಹಡಗುಗಳು ಊರ ಬಂದರಿಗೆ ಬಂದವು. ಸೆರೆಯಲ್ಲಿ ಎಲ್ಲರೂ ಒಂದೇ ಆಗಿದ್ದರು.

ಕಾಗದದ ಮೇಲೆ ಹಾಗಿಲ್ಲ. ಕಸ್ಬಾದ ಎರಡನೆಯ, ಮೂರನೆಯ ತಲೆಮಾರಿನ ಮಕ್ಕಳು ಮಜಾರಾದ ಆಡುಮಾತನ್ನು ಅಲ್ಲಿಯವರಂತೆಯೇ ಆಡುತ್ತಾರೆ. ಟ್ಯುನೀಶಿಯಾ ಸರಕಾರ 1981ರಿಂದ ಅಲ್ಲಿ ಅರಬೀ ಶಾಲೆಯೊಂದನ್ನು ನಡೆಸಿಕೊಂಡು ಬಂತು, ಎಂದಾದರೂ ಊರಿಗೆ ಮರಳುತ್ತಾರೆಂಬ ಎಣಿಕೆಯಿಂದ. ಬಹುತೇಕರು ಮರಳಲಿಲ್ಲ. 1992ರ ಇಟಲಿಯ ಕಾನೂನಿನಂತೆ, ವಿದೇಶೀ ತಂದೆತಾಯಿಗೆ ಅಲ್ಲಿಯೇ ಹುಟ್ಟಿದ ಮಗು ಪೌರತ್ವ ಕೇಳಲು 18 ತುಂಬುವವರೆಗೆ ಕಾಯಬೇಕು. ಹೊರಗಿನಿಂದ ಬಂದ ಅದರ ತಂದೆ ಹತ್ತು ವರ್ಷ ವಾಸದ ಲೆಕ್ಕ ಕೊಡಬೇಕು. ಹತ್ತನ್ನು ಐದಕ್ಕೆ ಇಳಿಸಬೇಕೆಂದು 2025ರ ಜೂನ್ 8 ಮತ್ತು 9ರಂದು ಇಟಲಿಯಲ್ಲಿ ಜನಮತ ಗಣನೆ ನಡೆಯಿತು. ಅದು ಸಿಂಧುವಾಗಲು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬರಬೇಕಿತ್ತು. ಬಂದವರು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ.